ಯಾವ ಉದ್ಯೋಗ ನಮ್ಮದು?

ಮಕ್ಕಳ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ದಿನ ಮನೆಮನೆಯಲ್ಲಿ ನಡೆಯುವ ಮಾತುಕತೆಯನ್ನು ವಾಚಕರೆಲ್ಲರೂ ಬಲ್ಲರು. ಅಂಕಗಳೆಷ್ಟು ಎಂಬುದು ಮೊದಲನೆಯ ಪ್ರಶ್ನೆ. ಮುಂದೆ ಏನು ಓದಿಸುವಿರಿ ಎಂಬುದು ಎರಡನೆಯದು. ಸೋದರಮಾವನು ಒಂದು ದಾರಿಯನ್ನು ತೋರಿಸಿದರೆ ನೆರೆಮನೆಯ ಹಿರಿಯರು ಮತ್ತೊಂದನ್ನು ತೋರಿಸುತ್ತಾರೆ. ಯಾವುದರಲ್ಲಿ ಸಂಬಳ ಹೆಚ್ಚು, ಯಾವುದರಲ್ಲಿ ಮರ್ಯಾದೆ ಹೆಚ್ಚು, ಯಾವುದರಿಂದ ಒಳ್ಳೆಯ ಸಂಬಂಧ ಕೂಡಿಬಂದೀತು ಎಂಬುದೆಲ್ಲವೂ ಚರ್ಚೆಯಾಗುತ್ತದೆ. ಇಷ್ಟು ಮಾತಿನ ನಡುವೆ ಆ ಹುಡುಗನ ಅಥವಾ ಹುಡುಗಿಯ ಸ್ವಭಾವವೇನು, ಅವರ ಮನಸ್ಸು ಯಾವುದನ್ನು ಬೆಲೆಯುಳ್ಳದ್ದೆಂದು ಎಣಿಸುತ್ತದೆ ಎಂಬ ವಿಚಾರ ಮಾತ್ರ ಸಾಮಾನ್ಯವಾಗಿ ಯಾರ ಬಾಯಿಂದಲೂ ಹೊರಡುವುದಿಲ್ಲ.

ಪರರನ್ನು ಆಕ್ಷೇಪಿಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಈ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬನು. ನನ್ನ ಹಿರಿಯ ಮಗನು ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದನು. ಅವನನ್ನು ಒಂದು ಮಾತನ್ನೂ ಕೇಳದೆ ವಿಜ್ಞಾನಕ್ಕೆ ಸೇರಿಸಿದೆನು. ಆಮೇಲೆ ಸಾಲ ಮಾಡಿ ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದೆನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾನು ನಂಬಿದ್ದೆನು. ಆದರೆ ಬಗ್ಗಿಸುವ ಮೊದಲು ಅದು ಯಾವ ಮರದ ಗಿಡವೆಂದು ನೋಡಬೇಕೆಂಬುದು ನನಗೆ ಹೊಳೆಯಲಿಲ್ಲ. ಎರಡನೆಯ ವರ್ಷದಲ್ಲಿ ಅವನು ಮೂರು ವಿಷಯಗಳಲ್ಲಿ ಅನುತ್ತೀರ್ಣನಾದನು. ಊಟಕ್ಕೆ ಕುಳಿತಾಗ ಮಾತನಾಡುವುದನ್ನು ಬಿಟ್ಟನು. ಇದನ್ನು ಮೊದಲು ಕಂಡವಳು ಅವನ ತಾಯಿ.

“ಕೇಳಿದಿರಾ, ರಜಕ್ಕೆ ಬಂದಾಗ ಇವನು ನಗುವುದು ಒಂದೇ ಹೊತ್ತಿನಲ್ಲಿ. ಸಂಜೆ ಜಗಲಿಯ ಮೇಲೆ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ,” ಎಂದು ಅವಳು ಒಂದು ರಾತ್ರಿ ಹೇಳಿದಳು.

ನಾನೂ ಅದನ್ನು ಎಷ್ಟೋ ಸಲ ನೋಡಿದ್ದೆನು. ಹನ್ನೆರಡು ವರ್ಷದವನಾಗಿದ್ದಾಗಿನಿಂದ ಅವನು ಆ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತಿದ್ದನು. ನೋಡಿದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೇಷ್ಟರ ಕೆಲಸದಲ್ಲಿ ಏನಿದೆ ಎಂಬುದು ಆಗಿನ ನನ್ನ ಅಭಿಪ್ರಾಯವಾಗಿತ್ತು.

ಆ ದಿನಗಳಲ್ಲಿ ನನಗೆ ಸರ್ ಸಿ. ವಿ. ರಾಮನ್ ಅವರ ಜೀವನವೃತ್ತಾಂತವನ್ನು ಓದುವ ಸಂದರ್ಭ ಒದಗಿತು. 1888ರಲ್ಲಿ ಹುಟ್ಟಿದ ಅವರು ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ವಿದೇಶದ ಒಂದು ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದ್ದರು. ಆದರೂ ಆಗಿನ ಭಾರತೀಯನಿಗೆ ವಿಜ್ಞಾನದಿಂದಲೇ ಜೀವನ ಸಾಗಿಸುವ ದಾರಿ ಸುಲಭವಾಗಿರಲಿಲ್ಲ. ದೇಹಸ್ಥಿತಿಯ ಕಾರಣದಿಂದ ಇಂಗ್ಲೆಂಡಿಗೆ ಹೋಗಬಾರದೆಂದು ವೈದ್ಯರು ಹೇಳಿದ್ದರು. ಆದಕಾರಣ ಅವರು ಸರ್ಕಾರದ ಹಣಕಾಸಿನ ಇಲಾಖೆಯ ಪರೀಕ್ಷೆಗೆ ಕುಳಿತು, ಅದರಲ್ಲಿ ಮೊದಲಿಗರಾಗಿ, 1907ರಲ್ಲಿ ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಅದೇ ವರ್ಷ ವಿವಾಹವೂ ಆಯಿತು. ಲೋಕದ ದೃಷ್ಟಿಯಲ್ಲಿ ಇನ್ನೇನು ಬೇಕು?

ಆದರೆ ಅವರ ಮನಸ್ಸು ಬೇರೆಡೆ ಇತ್ತು. ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯನ್ನು ಅವರು ಕಂಡುಕೊಂಡರು. ಕಚೇರಿಗೆ ಹೋಗುವ ಮೊದಲೂ ಕಚೇರಿಯಿಂದ ಬಂದ ಮೇಲೂ ಅಲ್ಲಿಯ ಪ್ರಯೋಗಶಾಲೆಯಲ್ಲಿ ದುಡಿದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ ಮತ್ತೆ ಕಲ್ಕತ್ತೆಗೆ ಬಂದರು. ಹೀಗೆ ಹತ್ತು ವರ್ಷಗಳು ಕಳೆದವು. 1917ರಲ್ಲಿ ಸರ್ ಆಶುತೋಷ ಮುಖರ್ಜಿಯವರು ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪದವಿಗೆ ಕರೆದಾಗ, ಸಂಬಳವು ಬಹಳ ಕಡಿಮೆಯಾಗುವುದೆಂದು ತಿಳಿದೇ ಸರ್ಕಾರದ ಹುದ್ದೆಯನ್ನು ಬಿಟ್ಟರು. 1928ರಲ್ಲಿ ಅವರ ಹೆಸರಿನ ಪರಿಣಾಮವನ್ನು ಕಂಡುಹಿಡಿದರು. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. 1933ರಲ್ಲಿ ಬೆಂಗಳೂರಿಗೆ ಬಂದು 1970ರಲ್ಲಿ ದೇಹಬಿಡುವವರೆಗೆ ಇಲ್ಲಿಯೇ ನೆಲಸಿದರು.

ಕೊನೆಯ ಪಾರಿತೋಷಕವನ್ನಷ್ಟೇ ನೋಡುವವರು ಈ ಕಥೆಯ ಸಾರವನ್ನು ತಿಳಿಯಲಾರರು. ಸಾರವಿರುವುದು ಆ ಹತ್ತು ವರ್ಷಗಳಲ್ಲಿ. ಯಾರೂ ಬಲವಂತ ಮಾಡದೆ, ಯಾರೂ ಸಂಬಳ ಕೊಡದೆ, ದಣಿದ ದೇಹದಿಂದ ಪ್ರತಿದಿನವೂ ಮಾಡಿದ ಕೆಲಸವೇ ಅವರಿಗೆ ಅವರ ಸ್ವಭಾವವನ್ನು ತಿಳಿಸಿಕೊಟ್ಟಿತು. ಅದರ ಜೊತೆಗೆ, ಅವರು ಅಲ್ಲಿಯವರೆಗೆ ಸಂಸಾರವನ್ನು ಹಸಿವಿಗೆ ಒಡ್ಡಲಿಲ್ಲ ಎಂಬುದನ್ನೂ ಗೃಹಸ್ಥರು ಗಮನಿಸತಕ್ಕದ್ದು.

ಹಾಗಾದರೆ ಹುದ್ದೆಯನ್ನು ಬಿಟ್ಟವರು ಮಾತ್ರ ತಮ್ಮನ್ನು ಅರಿತವರೋ ಎಂದು ಕೇಳಬಹುದು. ಹಾಗಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸರ್ಕಾರದ ಸಿವಿಲ್ ಸರ್ವಿಸಿಗೆ ಸೇರಿ ಬಹಳ ವರ್ಷಗಳ ಕಾಲ ಅಧಿಕಾರಿಯಾಗಿದ್ದರು. ಅವರ ಸಣ್ಣಕಥೆಗಳ ಮೊದಲ ಸಂಗ್ರಹವು 1920ರಲ್ಲಿ, ಅಧಿಕಾರದಲ್ಲಿರುವಾಗಲೇ ಹೊರಬಂದಿತು. ಊರೂರು ತಿರುಗಿ ನೊಂದವರ, ಗೆದ್ದವರ, ಸೋತವರ ಮುಖಗಳನ್ನು ನೋಡುವ ಕೆಲಸವು ಕಥೆಗಾರನಿಗೆ ಹಗೆಯಲ್ಲವಷ್ಟೆ! ಒಬ್ಬರಿಗೆ ಹುದ್ದೆಯೂ ಹಂಬಲವೂ ಬೇರೆಯಾದವು. ಇನ್ನೊಬ್ಬರಿಗೆ ಅವೆರಡೂ ಒಂದೇ ಮನೆಯಲ್ಲಿ ಬಾಳಿದವು. ತಮಗೆ ಯಾವುದು ಸಲ್ಲುತ್ತದೆಂಬುದನ್ನು ಇಬ್ಬರೂ ಬಲ್ಲವರಾಗಿದ್ದರು.

ಈ ಅರಿವಿಗೆ ಇನ್ನೊಂದು ಮುಖವುಂಟು. ನಮಗೆ ಎಷ್ಟು ಸಾಕು ಎಂಬುದೇ ಅದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಂಡತಿಯಾದ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಪ್ರತೀತಿ. ಬಡತನವನ್ನು ಹೊಗಳುವುದಕ್ಕಾಗಿ ನಾನು ಈ ಕಥೆಯನ್ನು ಹೇಳುತ್ತಿಲ್ಲ. ಸಾಕು ಎಂಬುದರ ಅಳತೆ ಆ ಮನೆಯಲ್ಲಿ ಗೊತ್ತಾಗಿತ್ತು ಎಂಬುದಕ್ಕಾಗಿ ಹೇಳುತ್ತಿದ್ದೇನೆ. ಈ ಅಳತೆ ಗೊತ್ತಿಲ್ಲದವನು ಯಾವ ಸಂಬಳವನ್ನು ಪಡೆದರೂ ಪಕ್ಕದ ಮನೆಯವನ ಸಂಬಳವನ್ನೇ ನೋಡುತ್ತಿರುವನು.

ಆದುದರಿಂದ ಉದ್ಯೋಗವನ್ನು ಆರಿಸುವವರು ತಮ್ಮನ್ನು ತಾವೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಯಾರೂ ಹೇಳದಿದ್ದರೂ ನಾನು ಮಾಡುವ ಕೆಲಸ ಯಾವುದು? ಎಷ್ಟು ಹಣ ಕೊಟ್ಟರೂ ಮಾಡಲು ನನ್ನ ಮನಸ್ಸು ಒಪ್ಪದ ಕೆಲಸ ಯಾವುದು? ನನ್ನ ಸಂಸಾರಕ್ಕೆ ಎಷ್ಟು ಸಾಕು?

ಕುಳಿತು ಯೋಚಿಸುವುದರಿಂದಲೇ ಇವಕ್ಕೆ ಉತ್ತರ ದೊರೆಯದು. ಒಂದು ತಿಂಗಳ ಕಾಲ ದಿನಚರಿಯನ್ನು ಬರೆಯಲಿ. ಯಾವ ಕೆಲಸದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವುದರಲ್ಲಿ ಗಡಿಯಾರವನ್ನು ನೋಡುತ್ತ ಕುಳಿತೆ ಎಂಬುದನ್ನು ಗುರುತಿಸಲಿ. ಬೇಸಗೆಯ ರಜದಲ್ಲಿ ಅಂಗಡಿಯಲ್ಲೋ ತೋಟದಲ್ಲೋ ಅಚ್ಚುಕೂಟದಲ್ಲೋ ಹದಿನೈದು ದಿನ ಕೈಗೆಲಸ ಮಾಡಲಿ. ಆ ವೃತ್ತಿಯಲ್ಲಿ ಹತ್ತು ವರ್ಷ ಸವೆಸಿದವರನ್ನು ಕಂಡು, ವರಮಾನವೆಷ್ಟೆಂದು ಕೇಳುವುದರ ಜೊತೆಗೆ, ದಿನದಲ್ಲಿ ಅತ್ಯಂತ ಬೇಸರದ ಹೊತ್ತು ಯಾವುದೆಂದೂ ಕೇಳಲಿ. ಆ ಬೇಸರವನ್ನು ಸಹಿಸಬಲ್ಲೆನೆಂದು ತೋರಿದರೆ ಆ ದಾರಿ ಹಿಡಿಯಬಹುದು. ಬೇಸರವೇ ಇಲ್ಲದ ಉದ್ಯೋಗ ಲೋಕದಲ್ಲಿಲ್ಲ.

ಈ ಮಾತು ಗಂಡುಮಕ್ಕಳಿಗೆ ಮಾತ್ರವಲ್ಲ. ಮದುವೆಯಾಗುವವರೆಗೆ ಏನಾದರೊಂದು ಇರಲಿ ಎಂದು ಹೆಣ್ಣುಮಕ್ಕಳಿಗೆ ಕೆಲಸವನ್ನು ಗೊತ್ತುಮಾಡುವ ಮನೆಗಳು ಇನ್ನೂ ಉಂಟು. ಉದ್ಯೋಗವು ಪುರುಷಲಕ್ಷಣವೆಂಬ ಹಳೆಯ ಮಾತನ್ನು ಮನುಷ್ಯಲಕ್ಷಣವೆಂದು ತಿದ್ದಿಕೊಳ್ಳುವ ಕಾಲ ಬಂದು ಬಹಳ ದಿನಗಳಾದವು.

ನನ್ನ ಮಗನ ಮಾತನ್ನು ಮುಗಿಸುತ್ತೇನೆ. ಒಂದು ಬೆಳಿಗ್ಗೆ ನಾನೇ ಅವನನ್ನು ಕರೆದು, “ನಿನಗೆ ಏನಾಗಬೇಕೆಂದಿದೆಯಪ್ಪಾ?” ಎಂದು ಕೇಳಿದೆನು. ಹತ್ತೊಂಬತ್ತು ವರ್ಷದ ಆ ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪಾ, ಇದನ್ನು ನೀವು ಮೊದಲ ಸಲ ಕೇಳುತ್ತಿದ್ದೀರಿ,” ಎಂದನು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವನು ಕಾಲೇಜನ್ನು ಬಿಟ್ಟು ಬಿ.ಎಸ್‌ಸಿ. ಓದಿ, ಬಿ.ಎಡ್. ಮುಗಿಸಿ, ಈಗ ಒಂದು ತಾಲ್ಲೂಕು ಊರಿನ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯನಾಗಿದ್ದಾನೆ. ಅವನ ಸಂಬಳವು ಅವನ ಚಿಕ್ಕಪ್ಪನ ಮಕ್ಕಳ ಸಂಬಳಕ್ಕಿಂತ ಕಡಿಮೆ. ಎರಡು ವರ್ಷಗಳು ವ್ಯರ್ಥವಾದವು. ಅಂದು ಮಾಡಿದ ಸಾಲವನ್ನು ನಾನು ಇಂದಿಗೂ ತೀರಿಸುತ್ತಿದ್ದೇನೆ. ಉತ್ತರಪತ್ರಿಕೆಗಳ ಕಟ್ಟನ್ನು ತಿದ್ದುವ ದಿನ ಅವನೂ ಗೊಣಗುವುದುಂಟು. ಆದರೆ ಊಟಕ್ಕೆ ಕುಳಿತಾಗ ಮಾತನಾಡುತ್ತಾನೆ. ಭಾಗಾಕಾರವೆಂದರೆ ಅಳುತ್ತಿದ್ದ ಹುಡುಗಿಯೊಬ್ಬಳು ಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸಿದ ಕಥೆಯನ್ನು ಕಳೆದ ತಿಂಗಳು ಅವನು ಹೇಳಿದಾಗ, ಅವನ ತಾಯಿ ಬಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ನಮ್ಮ ಕಿರಿಯ ಮಗಳು ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳನ್ನು ನಾನು ಈಗಾಗಲೇ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ, ಬರುವವರೆಗೆ ಕಾಯುವೆನು.