ಜಂತಿಯಿಂದ ಪಕ್ಕೆಲುಬಿನ ಚಪ್ಪಡಿಗೆ

ಕೆಮ್ಮಣ್ಣಿನ ಹಳೆಯ ಹೆಂಚಿನ ಮನೆಯೊಂದರ ಚಾವಡಿಯಲ್ಲಿ ಅಂಗಾತ ಮಲಗಿ ಮೇಲೆ ನೋಡಿದರೆ, ಮುಚ್ಚಿಗೆಯ ತೆಳುಹಲಗೆಗಳ ಭಾರವನ್ನೆಲ್ಲ ಸಾಲಾಗಿ ಸಾಗಿದ ಜಂತಿಗಳು ಹೊತ್ತಿರುವುದು ಕಾಣುತ್ತದೆ. ಪಕ್ಕೆಲುಬಿನ ಕಾಂಕ್ರೀಟ್ ಚಪ್ಪಡಿಯ ತತ್ತ್ವವೂ ಇದೇ. ಭಾರಕ್ಕೆ ಬಾಗುವ ಚಪ್ಪಡಿಯ ಕೆಳಭಾಗದ ಎಳೆತವನ್ನು ಸಹಿಸುವುದು ಕಬ್ಬಿಣದ ಸರಳೇ ಹೊರತು ಕಾಂಕ್ರೀಟ್ ಅಲ್ಲವಾದ್ದರಿಂದ, ಸರಳನ್ನು ಹಿಡಿದ ಪಕ್ಕೆಲುಬನ್ನಷ್ಟೇ ಉಳಿಸಿ ನಡುವಣ ವ್ಯರ್ಥಭಾರವನ್ನು ತೆಗೆದುಹಾಕಬಹುದು.

ಆದರೆ ಎಷ್ಟು ತೆಗೆಯಬಹುದು? ನಮ್ಮ ದೇಶದ ಐಎಸ್ 456 ಸಂಹಿತೆ, ತನ್ನ 2000ದ ಆವೃತ್ತಿಯ 30ನೆಯ ವಿಧಿಯಲ್ಲಿ ಹೇಳುವುದಿಷ್ಟು: ಸ್ಥಳದಲ್ಲೇ ಎರಕಹೊಯ್ದ ಪಕ್ಕೆಲುಬಿನ ಅಗಲ 65 ಮಿ.ಮೀ.ಗಿಂತ ಕಿರಿದಾಗಕೂಡದು, ಮಧ್ಯದಿಂದ ಮಧ್ಯಕ್ಕೆ ಅಂತರ 1.5 ಮೀಟರನ್ನು ಮೀರಕೂಡದು, ಮೇಲ್ಪದರವನ್ನು ಬಿಟ್ಟು ಎಣಿಸಿದ ಆಳ ಅಗಲದ ನಾಲ್ಮಡಿಯನ್ನು ದಾಟಕೂಡದು. ಆದರೂ, ಕಡಲಗಾಳಿಗೆ ತೆರೆದ ಕಾಂಕ್ರೀಟಿನಲ್ಲಿ ಸರಳಿಗೆ 45 ಮಿ.ಮೀ. ಹೊದಿಕೆ ಇರಬೇಕೆಂದು ಅದೇ ಸಂಹಿತೆ ವಿಧಿಸುವುದರಿಂದ, ಎರಡು ಮಗ್ಗುಲಿನ ಹೊದಿಕೆಯೇ 90 ಮಿ.ಮೀ. ಆಯಿತು; ಹಾಗಾಗಿ ನಮ್ಮ ಕರಾವಳಿಯ ಬಯಲು ಮಾಳಿಗೆಗಳಲ್ಲಿ ಆ ಕನಿಷ್ಠ ಅಗಲವನ್ನು ನೆಚ್ಚಿ ಕಟ್ಟುವುದು ತುಕ್ಕನ್ನು ಮನೆಗೆ ಕರೆದಂತೆಯೇ ಸರಿ.

ಪಕ್ಕೆಲುಬುಗಳು ಎರಡು ದಿಕ್ಕಿನಲ್ಲೂ ಹಾಯ್ದು, ಅಡಿಯಲ್ಲಿ ಚೌಕದ ಗುಳಿಗಳು ಮೂಡಿದರೆ ಅದು ವಾಫಲ್ ಚಪ್ಪಡಿ. ಉದ್ದಗಲಗಳು ಹೆಚ್ಚುಕಡಿಮೆ ಸಮವಾಗಿದ್ದು, ನಡುವೆ ಕಂಬ ಬೇಡವೆನ್ನುವ ಸಭಾಂಗಣಗಳಿಗೆ ಅದು ಚೆನ್ನಾಗಿ ಒಪ್ಪುವುದು.