ಅಳಿಸಿದವರು, ಉಳಿಸಿದವರು: ಬಿಬಿಸಿಯಲ್ಲಿ ಬೀಟಲ್ಸ್

ನಿರ್ಬಂಧಗಳು ತಾವು ಬಯಸಿದ ಫಲಕ್ಕಿಂತ ಬಯಸದ ಫಲವನ್ನೇ ಹೆಚ್ಚಾಗಿ ನೀಡುತ್ತವೆ ಎಂಬುದು ಅರ್ಥಶಾಸ್ತ್ರಜ್ಞರ ಹಳೆಯ ದೂರು. ಆದರೆ ಬಯಸದೆ ಬಂದ ಫಲ ಸದಾ ಕಹಿಯಾಗಿಯೇ ಇರಬೇಕೆಂದೇನೂ ಇಲ್ಲ. ಬೀಟಲ್ಸ್ ತಂಡದ ಬಾನುಲಿ ಧ್ವನಿಮುದ್ರಣಗಳು ಇದಕ್ಕೊಂದು ಒಳ್ಳೆಯ ನಿದರ್ಶನ. ಒಂದು ವಿಚಿತ್ರ ನಿರ್ಬಂಧ ಅವುಗಳನ್ನು ಸೃಷ್ಟಿಸಿತು. ಒಂದು ಸಾಧಾರಣ ಮಿತವ್ಯಯ ಅವುಗಳನ್ನು ಬಹುಪಾಲು ಅಳಿಸಿಹಾಕಿತು.

1962ರ ಮಾರ್ಚಿನಿಂದ 1965ರ ಜೂನ್‌ವರೆಗೆ ಈ ತಂಡ ಬಿಬಿಸಿ ರೇಡಿಯೊಗಾಗಿ 275 ಬಾರಿ ಹಾಡಿತು. ಗೀತೆಗಳ ಸಂಖ್ಯೆ 88. ಅವುಗಳಲ್ಲಿ 36 ಗೀತೆಗಳನ್ನು ಅವರು ಆ ಕಾಲದಲ್ಲಿ ಗ್ರಾಮಫೋನ್ ಮುದ್ರಿಕೆಯಾಗಿ ಹೊರತರಲೇ ಇಲ್ಲ. ಮುದ್ರಿಕೆಗಳು ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದ ಒಂದು ತಂಡ ಮೂರು ವರ್ಷಗಳ ಕಾಲ ಮತ್ತೆ ಮತ್ತೆ ಬಾನುಲಿಗಾಗಿ ಹಾಡಿದ್ದೇಕೆ? ಬಿಬಿಸಿ ಆ ಮುದ್ರಿಕೆಗಳನ್ನೇ ನುಡಿಸಬಹುದಿತ್ತಲ್ಲವೇ?

ಬೇಕಾದಷ್ಟು ನುಡಿಸುವಂತಿರಲಿಲ್ಲ. ಮುದ್ರಿಕೆ ತಯಾರಕರ ಹಕ್ಕುಗಳನ್ನು ನೋಡಿಕೊಳ್ಳಲು 1934ರಲ್ಲಿ ಸ್ಥಾಪನೆಯಾದ ಫೋನೋಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್ ಎಂಬ ಸಂಸ್ಥೆ ಹಾಗೂ ವಾದ್ಯಗಾರರ ಒಕ್ಕೂಟ ಇವೆರಡರ ಒತ್ತಾಯದಿಂದ, ವಾಣಿಜ್ಯ ಮುದ್ರಿಕೆಗಳ ಪ್ರಸಾರಕ್ಕೆ ಬಿಬಿಸಿ ಒಂದು ಮಿತಿಯನ್ನು ಒಪ್ಪಿಕೊಂಡಿತ್ತು. ಇದಕ್ಕೆ ‘ನೀಡ್ಲ್ ಟೈಮ್’, ಅಂದರೆ ಸೂಜಿಯ ಸಮಯ ಎಂಬ ಹೆಸರು. 60ರ ದಶಕದ ಆರಂಭದಲ್ಲಿ ಬಿಬಿಸಿಯ ಎಲ್ಲ ವಾಹಿನಿಗಳಿಗೂ ಸೇರಿ ದಿನಕ್ಕೆ ದೊರೆಯುತ್ತಿದ್ದ ಸೂಜಿಯ ಸಮಯ ಸುಮಾರು ಐದು ಗಂಟೆ. ಮುದ್ರಿಕೆಯನ್ನು ಪುಕ್ಕಟೆಯಾಗಿ ಕೇಳಿದವರು ಅದನ್ನು ಕೊಳ್ಳಲಾರರು ಎಂಬ ಭಯ ಕಂಪನಿಗಳದು. ಯಂತ್ರ ಹಾಡತೊಡಗಿದರೆ ಮನುಷ್ಯರಿಗೆ ಕೆಲಸವಿರದು ಎಂಬ ಆತಂಕ ವಾದ್ಯಗಾರರದು. ಉಳಿದ ಸಮಯವನ್ನು ಜೀವಂತ ಗಾಯನ, ವಾದನಗಳಿಂದಲೇ ತುಂಬಬೇಕಾಗಿತ್ತು. ಬ್ರಿಟನ್ನಿನ ನೆಲದಲ್ಲಿ ಖಾಸಗಿ ಬಾನುಲಿಗೆ ಅವಕಾಶ ದೊರೆತದ್ದು 1973ರಲ್ಲಿ. ಹೀಗಾಗಿ ಹಾಡುಗಾರರಿಗೆ ಬಿಬಿಸಿಯ ಬಾಗಿಲನ್ನು ತಟ್ಟದೆ ಬೇರೆ ದಾರಿಯಿರಲಿಲ್ಲ.

ಆ ಬಾಗಿಲು ಸುಲಭವಾಗಿ ತೆರೆಯುವಂಥದ್ದೂ ಅಲ್ಲ. ಬಾನುಲಿಯಲ್ಲಿ ಹಾಡುವವರು ಮೊದಲು ಧ್ವನಿಪರೀಕ್ಷೆಗೆ ಒಳಗಾಗಬೇಕಿತ್ತು. 1962ರ ಫೆಬ್ರುವರಿಯಲ್ಲಿ ಮ್ಯಾಂಚೆಸ್ಟರಿನಲ್ಲಿ ತಂಡವನ್ನು ಪರೀಕ್ಷಿಸಿದ ನಿರ್ಮಾಪಕ ಪೀಟರ್ ಪಿಲ್‌ಬೀಮ್ ತಮ್ಮ ಟಿಪ್ಪಣಿಯಲ್ಲಿ ಜಾನ್ ಲೆನನ್ ಗಾಯನಕ್ಕೆ ‘ಆಗಬಹುದು’ ಎಂದೂ ಪಾಲ್ ಮೆಕಾರ್ಟ್ನಿಯದಕ್ಕೆ ‘ಬೇಡ’ ಎಂದೂ ಷರಾ ಬರೆದರು. ಆದರೂ ತಂಡವನ್ನು ಅವರು ತಿರಸ್ಕರಿಸಲಿಲ್ಲ ಎಂಬುದನ್ನು ಮರೆಯಬಾರದು. ಮಾರ್ಚ್ 7ರಂದು ಅಲ್ಲಿನ ಪ್ಲೇಹೌಸ್ ರಂಗಮಂದಿರದಲ್ಲಿ ಮುದ್ರಣ ನಡೆದು ಮರುದಿನ ಪ್ರಸಾರವಾಯಿತು. ಆಗಿನ್ನೂ ರಿಂಗೊ ಸ್ಟಾರ್ ತಂಡವನ್ನು ಸೇರಿರಲಿಲ್ಲ. ಡ್ರಮ್ ನುಡಿಸಿದವರು ಪೀಟ್ ಬೆಸ್ಟ್. ಪ್ರಸಾರವಾದ ಮೂರು ಗೀತೆಗಳಲ್ಲಿ ಒಂದೂ ಅವರ ಸ್ವಂತದ್ದಲ್ಲ.

ಮುಂದಿನ ವರ್ಷ ಅವರ ಹೆಸರಿನಲ್ಲೇ ‘ಪಾಪ್ ಗೋ ದ ಬೀಟಲ್ಸ್’ ಎಂಬ ಸರಣಿ 15 ಕಂತುಗಳಲ್ಲಿ ಬಿತ್ತರಗೊಂಡಿತು. ವಾರ ವಾರವೂ ಹೊಸ ಹಾಡುಗಳು ಬೇಕು. ಸ್ವಂತ ರಚನೆಗಳು ಸಾಲವು. ಆದ್ದರಿಂದ ಹ್ಯಾಂಬರ್ಗ್ ಮತ್ತು ಲಿವರ್‌ಪೂಲಿನ ಕ್ಲಬ್ಬುಗಳಲ್ಲಿ ಹಾಡಿ ಪಳಗಿದ ಚಕ್ ಬೆರಿ, ಲಿಟಲ್ ರಿಚರ್ಡ್, ಕಾರ್ಲ್ ಪರ್ಕಿನ್ಸ್ ಮುಂತಾದ ಅಮೆರಿಕನ್ನರ ಗೀತೆಗಳನ್ನು ಅವರು ಹೊರತೆಗೆದರು. 1963ರ ಜುಲೈ 16ರಂದು ಏಳು ಗಂಟೆಗೂ ಕಡಿಮೆ ಅವಧಿಯಲ್ಲಿ 18 ಗೀತೆಗಳನ್ನು ಮುದ್ರಿಸಿ ಮುಗಿಸಿದರು. ಕೆಲವು ವರ್ಷಗಳ ಬಳಿಕ ಇದೇ ತಂಡ ಒಂದೊಂದು ಗೀತೆಗೆ ವಾರಗಟ್ಟಲೆ ಸ್ಟುಡಿಯೊದಲ್ಲಿ ಕುಳಿತಿತ್ತು ಎಂಬುದನ್ನು ನೆನೆದರೆ ಈ ವೇಗದ ಅರ್ಥ ತಿಳಿದೀತು. ತಿದ್ದುವುದಕ್ಕೆ, ಪದರ ಪದರವಾಗಿ ಧ್ವನಿ ಸೇರಿಸುವುದಕ್ಕೆ ಇಲ್ಲಿ ಪುರಸೊತ್ತಿರಲಿಲ್ಲ. ನಾಲ್ವರು ಒಟ್ಟಿಗೆ ನಿಂತು ಹಾಡಿದರೆ ಹೇಗಿರುತ್ತಿತ್ತು ಎಂಬುದಕ್ಕೆ ಈ ಮುದ್ರಣಗಳು ವಿಶ್ವಾಸಾರ್ಹ ಸಾಕ್ಷಿ. ಅಂದಿನ ಸಭಾಂಗಣಗಳ ಮುದ್ರಣಗಳಲ್ಲಾದರೋ ಅಭಿಮಾನಿಗಳ ಚೀರಾಟವೇ ಮುಂದಾಗಿ ಕೇಳಿಸುತ್ತದೆ.

ಇಂಥ ಸಾಕ್ಷ್ಯವನ್ನು ಬಿಬಿಸಿ ಜೋಪಾನ ಮಾಡಲಿಲ್ಲ. ಟೇಪು ದುಬಾರಿ, ಜಾಗ ಕಡಿಮೆ. ಪ್ರಸಾರ ಮುಗಿದ ಮೇಲೆ ಅದೇ ಸುರುಳಿಯನ್ನು ಅಳಿಸಿ ಮತ್ತೊಂದು ಕಾರ್ಯಕ್ರಮಕ್ಕೆ ಬಳಸುವುದು ವಾಡಿಕೆ. 1982ರಲ್ಲಿ, ಮೊದಲ ಪ್ರಸಾರಕ್ಕೆ 20 ವರ್ಷ ತುಂಬಿದಾಗ, ನಿರ್ಮಾಪಕ ಕೆವಿನ್ ಹೌಲೆಟ್ ಒಂದು ಸ್ಮರಣ ಕಾರ್ಯಕ್ರಮಕ್ಕಾಗಿ ಹುಡುಕಾಟಕ್ಕಿಳಿದಾಗ ಸಂಸ್ಥೆಯ ಸಂಗ್ರಹದಲ್ಲಿ ದೊರೆತದ್ದು ಅತ್ಯಲ್ಪ. ಹೊರದೇಶದ ಕೇಂದ್ರಗಳಿಗೆ ಕಳುಹಿಸಲು ಒತ್ತಿದ್ದ ತಟ್ಟೆಗಳಲ್ಲಿ ಕೆಲವು ಉಳಿದಿದ್ದವು. ಇನ್ನು ಕೆಲವು, ಮನೆಯಲ್ಲಿ ರೇಡಿಯೊ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡ ಕೇಳುಗರ ಬಳಿ ಇದ್ದವು. 1993ರಲ್ಲಿ ಇಟಲಿಯ ಕಂಪನಿಯೊಂದು ಒಂಬತ್ತು ಸಿ.ಡಿ.ಗಳ ಅನಧಿಕೃತ ಸಂಪುಟವನ್ನೇ ಹೊರತಂದಿತು. ಮರುವರ್ಷ ‘ಲೈವ್ ಅಟ್ ದ ಬಿಬಿಸಿ’ ಅಧಿಕೃತವಾಗಿ ಪ್ರಕಟವಾಗಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಎರಡನೆಯ ಸಂಪುಟ ಬಂದದ್ದು 2013ರಲ್ಲಿ. ಸುರುಳಿಯನ್ನು ಮರುಬಳಸಿ ಕೆಲವು ಪೌಂಡುಗಳನ್ನು ಉಳಿಸಿದ ಸಂಸ್ಥೆ, ತಾನೇ ಉತ್ಪಾದಿಸಿದ ಸರಕಿಗಾಗಿ ಮೂರು ದಶಕಗಳ ನಂತರ ಪರರ ಅಟ್ಟವನ್ನು ಶೋಧಿಸಬೇಕಾಯಿತು.

ಅಂದಿನ ಅಧಿಕಾರಿಗಳನ್ನು ಇಂದು ಕುಳಿತು ಹಳಿಯುವುದು ಸುಲಭ. ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ ಅವರ ಇಕ್ಕಟ್ಟು ಅರ್ಥವಾಗುತ್ತದೆ. ನಮ್ಮಲ್ಲಿಯೂ ಕಡತಗಳನ್ನು ವರ್ಗೀಕರಿಸಿ, ಅವಧಿ ಮೀರಿದ ಮೇಲೆ ನಾಶಪಡಿಸುವ ನಿಯಮವುಂಟು. ಎಲ್ಲವನ್ನೂ ಇಟ್ಟುಕೊಂಡರೆ ಕಚೇರಿಯೇ ಉಗ್ರಾಣವಾದೀತು. ತೊಂದರೆ ಇರುವುದು ಲೆಕ್ಕ ಹಾಕುವ ಕ್ರಮದಲ್ಲಿ. ಉಳಿಸುವ ಖರ್ಚು ಈ ವರ್ಷದ ಆಯವ್ಯಯದಲ್ಲಿ ಕಣ್ಣಿಗೆ ಕಾಣುತ್ತದೆ. ಕಳೆದುಕೊಂಡದ್ದರ ನಷ್ಟ ಯಾವ ವರ್ಷದ ಆಯವ್ಯಯದಲ್ಲಿಯೂ ನಮೂದಾಗುವುದಿಲ್ಲ. ನಾಳೆಯ ಕೇಳುಗನಿಗೆ ಇಂದಿನ ಸಭೆಯಲ್ಲಿ ಮತವಿಲ್ಲ. ಮಾರುಕಟ್ಟೆ ಅವನ ಪರವಾಗಿ ಮಾತನಾಡದು. ಮಾತನಾಡಬೇಕಾದದ್ದು ಸಾರ್ವಜನಿಕ ಸಂಸ್ಥೆಗಳೇ.

ನೀಡ್ಲ್ ಟೈಮ್ ಈಗಿಲ್ಲ. ಅದು 1988ರಲ್ಲಿ ಕೊನೆಗೊಂಡಿತು. ಟೇಪಿನ ಬೆಲೆಯೂ ಈಗ ಸಮಸ್ಯೆಯಲ್ಲ. ಸಂಗ್ರಹಿಸುವುದು ಇಷ್ಟು ಅಗ್ಗವಾಗಿರುವಾಗ ಅಳಿಸುವುದಕ್ಕೆ ಹಿಂದಿನಂತೆ ನೆಪವಿಲ್ಲ. ಆದರೆ ಯಾವುದನ್ನು ಉಳಿಸಬೇಕೆಂಬ ತೀರ್ಮಾನವನ್ನು ಆಯಾ ದಿನದ ಅಭಿರುಚಿಗೆ ಮಾತ್ರ ಬಿಟ್ಟುಕೊಡುವುದು ಇಂದಿಗೂ ಅಪಾಯಕಾರಿ. ಮೆಕಾರ್ಟ್ನಿಯ ಮುಂದೆ ‘ಬೇಡ’ ಎಂದು ಬರೆದವರು ಅಸಮರ್ಥರೇನಲ್ಲ. ಅವರಿಗೆ ಮುಂದಿನ ದಿನಗಳು ಕಾಣಿಸುತ್ತಿರಲಿಲ್ಲ, ಅಷ್ಟೇ. ಅದು ಯಾರಿಗೂ ಕಾಣಿಸುವುದಿಲ್ಲವಾದ್ದರಿಂದಲೇ ಒಂದು ಪ್ರತಿಯನ್ನು ತೆಗೆದಿರಿಸುವುದು ವಿವೇಕ.