‘ನಾನು’ ಎನ್ನದ ರಾಮದಾಸರು

ಶಾಲೆಯ ವ್ಯಾಕರಣ ಪಾಠದಲ್ಲಿ ‘ನಾನು’ ಎಂಬುದಕ್ಕೆ ಉತ್ತಮ ಪುರುಷವೆಂದು ಹೆಸರು. ಹೆಸರು ಕೇಳಿದೊಡನೆ ಮಕ್ಕಳ ಮುಖ ಅರಳುತ್ತದೆ. ಮೂವರಲ್ಲಿ ತಾನೇ ಉತ್ತಮನೆಂದರೆ ಯಾರಿಗೆ ತಾನೆ ಸಂತೋಷವಾಗದು? ಆದರೆ ಸಂಸ್ಕೃತ ವೈಯಾಕರಣರ ಲೆಕ್ಕವೇ ಬೇರೆ. ‘ಅವನು’ ಪ್ರಥಮ, ‘ನೀನು’ ಮಧ್ಯಮ, ‘ನಾನು’ ಎಲ್ಲರಿಗಿಂತ ಕೊನೆಗೆ. ಉತ್ತಮವೆಂಬ ಮಾತಿಗೆ ಅಲ್ಲಿ ಕಡೆಯದು ಎಂದೇ ಅರ್ಥ. ನಾವಾದರೋ ಆ ಕಡೆಯವನನ್ನು ಪಂಕ್ತಿಯ ಮೊದಲ ಎಲೆಗೆ ಕೂರಿಸಿ ಬದುಕುತ್ತಿದ್ದೇವೆ.

ಈ ಕಡೆಯವನನ್ನು ತಮ್ಮ ಮಾತಿನಿಂದಲೇ ಹೊರಗೆ ಕಳುಹಿಸಿದ ಸಾಧಕರೊಬ್ಬರು ನಮ್ಮ ಈ ಜಿಲ್ಲೆಯ ಮಣ್ಣಿನಲ್ಲೇ ಹುಟ್ಟಿದ್ದರು. ಕಾಞಂಗಾಡಿನ ಆನಂದಾಶ್ರಮದ ಸ್ವಾಮಿ ರಾಮದಾಸರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆಶ್ರಮಕ್ಕೆ ಹೋಗಿ ಕೈಮುಗಿದು ಬಂದವರೂ ಬಹಳ. ಆದರೆ ಅವರು ತಮ್ಮನ್ನು ಕುರಿತು ಹೇಳುವಾಗ ‘ನಾನು’ ಎನ್ನುತ್ತಿರಲಿಲ್ಲ, ‘ರಾಮದಾಸ’ ಎನ್ನುತ್ತಿದ್ದರು ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದೇವೆ? ರಾಮದಾಸ ನಡೆದ, ರಾಮದಾಸನಿಗೆ ಹಸಿವಾಯಿತು, ರಾಮದಾಸನನ್ನು ಒಬ್ಬರು ಬೈದರು, ಹೀಗೆ. 1925ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಆತ್ಮಕಥನ ‘ಇನ್ ಕ್ವೆಸ್ಟ್ ಆಫ್ ಗಾಡ್’ ಆದ್ಯಂತ ಇದೇ ರೀತಿಯಲ್ಲಿದೆ. ಆತ್ಮಕಥೆ, ಆದರೆ ಅದರಲ್ಲಿ ‘ನಾನು’ ಇಲ್ಲ!

ಪೂರ್ವಾಶ್ರಮದ ಹೆಸರು ವಿಠ್ಠಲ ರಾವ್. 1884ರಲ್ಲಿ ಹೊಸದುರ್ಗದ ಚಿತ್ರಾಪುರ ಸಾರಸ್ವತ ಮನೆತನದಲ್ಲಿ ಜನನ. ಆಗ ಇದೆಲ್ಲ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ. ಬೊಂಬಾಯಿಯಲ್ಲಿ ನೂಲು ನೇಯ್ಗೆಯ ವಿದ್ಯೆ ಕಲಿತರು, ಗಿರಣಿಗಳಲ್ಲಿ ದುಡಿದರು, ಮಂಗಳೂರಿಗೆ ಬಂದು ಬಟ್ಟೆಗೆ ಬಣ್ಣ ಹಾಕುವ ಉದ್ಯಮ ನಡೆಸಿದರು. ಯಾವುದೂ ಕೈ ಹಿಡಿಯಲಿಲ್ಲ, ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಸೋತ ಮನಸ್ಸಿಗೆ ರಾಮನಾಮ ಆಸರೆಯಾಯಿತು. ತಂದೆ ಬಾಲಕೃಷ್ಣ ರಾಯರು ಹದಿಮೂರು ಅಕ್ಷರದ ರಾಮಮಂತ್ರವನ್ನು ಉಪದೇಶಿಸಿದರು. ಮಠಾಧಿಪತಿಗಳಲ್ಲ, ಪರಿವ್ರಾಜಕರಲ್ಲ, ಹೆತ್ತ ತಂದೆಯೇ ಗುರು. 1922ರ ದಶಂಬರ ಕೊನೆಯಲ್ಲಿ ವಿಠ್ಠಲ ರಾಯರು ಮನೆ ಬಿಟ್ಟು ಹೊರಟರು. ಶ್ರೀರಂಗದ ಕಾವೇರಿಯಲ್ಲಿ ಮಿಂದು ಕಾವಿ ಉಟ್ಟು ರಾಮದಾಸರಾದರು. ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ದೃಷ್ಟಿ ಬಿದ್ದ ಮೇಲೆ ಅರುಣಾಚಲದ ಗುಹೆಯೊಂದರಲ್ಲಿ ಸುಮಾರು ಮೂರು ವಾರ ಹಗಲಿರುಳು ನಾಮಜಪ ಮಾಡಿದರು. ಹೊರಬಂದಾಗ ಕಂಡದ್ದೆಲ್ಲ ರಾಮನಾಗಿತ್ತು, ಗಿಡಮರಗಳೂ ಸಹ.

ಆಮೇಲೆ ನಡೆದದ್ದು ಊರೂರು ತಿರುಗಾಟ. ಅದರಲ್ಲೊಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಸಾಧುಗಳಿಗೆ ಟಿಕೇಟು ಎಲ್ಲಿಂದ ಬರಬೇಕು? ರೈಲಿನ ಪರೀಕ್ಷಕರೊಬ್ಬರು ಅವರನ್ನು ಕೆಳಗಿಳಿಸಿದರು. ಇಳಿಸಿದವನೂ ರಾಮನೇ ಎಂಬ ಭಾವದಿಂದ ರಾಮದಾಸರು ಸುಮ್ಮನೆ ಇಳಿದು ನಿಂತರು. ಪರೀಕ್ಷಕರು ಕ್ರೈಸ್ತರು. ಗಂಟು ಬಿಚ್ಚಿ ನೋಡಿದರೆ ಒಳಗೆ ಬೈಬಲಿನ ಹೊಸ ಒಡಂಬಡಿಕೆ! ಕ್ರಿಸ್ತನಲ್ಲಿ ನಂಬಿಕೆಯಿದೆಯೇ ಎಂದು ಕೇಳಿದರು. ಏಕಿಲ್ಲ, ಆತನೂ ದೇವರು ಕಳುಹಿಸಿದವನೇ ಅಲ್ಲವೇ ಎಂಬ ಅರ್ಥದ ಉತ್ತರ ಬಂತು. ಪರೀಕ್ಷಕರೇ ಬಾಗಿಲು ತೆರೆದು ಅವರನ್ನು ಮತ್ತೆ ಬಂಡಿಯೊಳಗೆ ಹತ್ತಿಸಿದರು. ಕ್ರೈಸ್ತರೆಂದು ತಿಳಿದು ಆಡಿದ ಉಪಾಯದ ಮಾತು ಇದಾಗಿರಲಿಲ್ಲ, ಏಕೆಂದರೆ ಪುಸ್ತಕ ಗಂಟಿನೊಳಗೆ ಮೊದಲೇ ಇತ್ತಲ್ಲ.

ನಾಮಜಪವೆಂದರೆ ಮಣಿ ಎಣಿಸುವುದು ಎಂದೇ ನಮ್ಮ ರೂಢಿಯ ತಿಳಿವಳಿಕೆ. ರಾಮದಾಸರ ಸಾಧನೆ ನಾಲಗೆಯಿಂದ ಇಳಿದು ವ್ಯಾಕರಣಕ್ಕೇ ಕೈ ಹಾಕಿತ್ತು ಎನ್ನಬೇಕು. ಅವರು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇದು ಇನ್ನೂ ಕಷ್ಟ. ನಮ್ಮ ನೆರೆಯ ಮಲಯಾಳದಲ್ಲಿ ‘ಞಾನ್ ವನ್ನು’, ‘ಅವನ್ ವನ್ನು’. ಯಾರು ಬಂದರೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ಹಾಗಲ್ಲ. ‘ಬಂದನು’ ಬೇರೆ, ‘ಬಂದೆನು’ ಬೇರೆ. ‘ನಾನು’ ಎಂಬ ಪದವನ್ನು ವಾಕ್ಯದಿಂದ ತೆಗೆದರೂ ‘ಮಾಡಿದೆ’, ‘ಕೊಟ್ಟೆ’, ‘ಕಟ್ಟಿಸಿದೆ’ ಎಂದು ಕ್ರಿಯಾಪದದ ಬಾಲದಲ್ಲಿ ಅದು ಸುರುಟಿಕೊಂಡು ಕುಳಿತಿರುತ್ತದೆ. ಮುಂಬಾಗಿಲಿನಿಂದ ಓಡಿಸಿದ ಬೆಕ್ಕು ಅಡುಗೆಮನೆಯಲ್ಲಿ ಸಿಕ್ಕಿದ ಹಾಗೆ. ನಮ್ಮ ದಾಸರಿಗೆ ಇದು ಗೊತ್ತಿತ್ತು. ವೈಕುಂಠಕ್ಕೆ ಯಾರು ಹೋಗುವರೆಂದು ವ್ಯಾಸರಾಯರು ಕೇಳಿದಾಗ ಕನಕದಾಸರು ‘ನಾನು ಹೋದರೆ ಹೋದೇನು’ ಎಂದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಪದದ ಕೊನೆಗೆ ತಮ್ಮ ಹೆಸರಿನ ಬದಲು ದೇವರ ಹೆಸರನ್ನು ಅಂಕಿತವಾಗಿ ಇಟ್ಟವರು ಅವರು. ಅದೇ ಪದಗಳನ್ನು ವಾರವಾರ ಹಾಡುವ ನಮ್ಮ ಭಜನಾ ಮಂದಿರಗಳಲ್ಲಿ ತಲೆಯೆತ್ತಿ ನೋಡಿದರೆ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು. ಬೆಳಕಿಗಿಂತ ಹೆಸರೇ ಹೆಚ್ಚು ಕಾಣುತ್ತದೆ. (ಪತ್ರಿಕೆಗೆ ಬರೆಯುವವರ ಈ ‘ನಾವು’ ಕೂಡ ಕಿರೀಟ ಕಟ್ಟಿ ರಂಗಸ್ಥಳಕ್ಕೆ ಬಂದ ‘ನಾನು’ವೇ ಎಂದು ಯಾರಾದರೂ ಹೇಳಿದರೆ ಇಲ್ಲವೆನ್ನಲು ಧೈರ್ಯ ಸಾಲದು.)

ಹಾಗೆಂದು ರಾಮದಾಸರ ಎಲ್ಲ ನಡೆಗೂ ತಲೆಯಾಡಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಮನೆ ಬಿಟ್ಟಾಗ ಹಿಂದೆ ಉಳಿದವರು ಪತ್ನಿ ಮತ್ತು ಪುಟ್ಟ ಮಗಳು. ಇನ್ನು ಮುಂದೆ ನೀನು ಸೋದರಿಯ ಸಮಾನ ಎಂದು ಪತ್ನಿಗೆ ಪತ್ರ ಬರೆದಿಟ್ಟು ಹೊರಟರು. ವರ್ಷದ ತಿರುಗಾಟದ ಬಳಿಕ ಮಂಗಳೂರಿಗೆ ಮರಳಿ ಕದ್ರಿಯ ಗುಹೆಯಲ್ಲಿದ್ದಾಗ ಮನೆಗೆ ಬರಬೇಕೆಂದು ಆಕೆ ಕೇಳಿಕೊಂಡರೂ ಒಪ್ಪಲಿಲ್ಲ, ಎಲ್ಲವೂ ರಾಮನ ಇಚ್ಛೆ ಎಂದರು. ಸಾಧಕನ ‘ನಾನು’ ಕರಗಿತು, ಸರಿ. ಮನೆಯಲ್ಲಿ ಉಳಿದವಳ ‘ನಾನು’ ಏನು ಮಾಡಬೇಕು? ಇಂತಹ ಪ್ರಶ್ನೆಯನ್ನು ನಮ್ಮ ತಾಯಂದಿರು ಗಂಡಸರಿಗಿಂತ ಬೇಗ ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗೆ ಉಂಟು. ಭಕ್ತಿಯ ಮಾತಿನಿಂದ ಇದನ್ನು ಮುಚ್ಚುವುದು ನಮಗೆ ಸರಿಕಾಣದು.

ನಂತರದ ಬದುಕು ಈ ಪ್ರಶ್ನೆಗೆ ಉತ್ತರವಲ್ಲ, ಆದರೂ ತೂಕವುಳ್ಳದ್ದು. 1928ರಲ್ಲಿ ಕಾಸರಗೋಡಿನ ಪಿಲಿಕುಂಜೆಯಲ್ಲಿ ಸಣ್ಣದೊಂದು ಆಶ್ರಮವಾಯಿತು. ಎಳೆಯ ಪ್ರಾಯದಲ್ಲೇ ವಿಧವೆಯಾಗಿದ್ದ ಕೃಷ್ಣಾಬಾಯಿ ಸಾಧನೆಗೆಂದು ಬಂದು ಸೇರಿದ್ದು ಅಲ್ಲಿ. ಊರಿನ ಬಾಯಿ ಸುಮ್ಮನಿರಲಿಲ್ಲ. ಅಪವಾದಗಳಿಗೆ ಎದುರುತ್ತರ ಕೊಡದೆ ಆ ನೆಲೆಯನ್ನು ಬಿಟ್ಟ ಅವರು 1931ರ ಮೇ 15ರಂದು ಕಾಞಂಗಾಡಿನಲ್ಲಿ ಆನಂದಾಶ್ರಮವನ್ನು ತೆರೆದರು. 1963ರಲ್ಲಿ ರಾಮದಾಸರು ಕಾಲವಾದ ಮೇಲೂ 1989ರಲ್ಲಿ ತಾವು ತೀರಿಕೊಳ್ಳುವ ತನಕ ಆಶ್ರಮಕ್ಕೆ ತಾಯಿಯಾಗಿದ್ದವರು ಅದೇ ಕೃಷ್ಣಾಬಾಯಿ.

ಇನ್ನು ನಮ್ಮ ಮಾತು. ‘ನಾನು’ ಬಿಡಬೇಕೆಂಬ ಉಪದೇಶ ಬಲವಿದ್ದವರಿಗೆ ಸುಲಭ. 1956ರಿಂದ ಈಚೆ ‘ನಾವು ಕನ್ನಡಿಗರು’ ಎಂದು ಹೇಳುತ್ತಲೇ ಶಾಲೆ ಉಳಿಸಿಕೊಂಡ, ಹೇಳುತ್ತಲೇ ಮನವಿ ಬರೆದ ನಮಗೆ ಅದು ಅಷ್ಟು ಹಗುರವಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ಅದೂ ರಾಮನ ಇಚ್ಛೆ ಎಂದು ಸುಮ್ಮನೆ ಇಳಿದು ನಿಲ್ಲಬೇಕೇ? ಕೂಡದು. ರಾಮದಾಸರು ಬಂಡಿಯಿಂದ ಇಳಿದಾಗ ಬಿಟ್ಟುಕೊಟ್ಟದ್ದು ತಮ್ಮ ಸ್ಥಳವನ್ನು. ಮಗುವಿನ ಸ್ಥಳವನ್ನು ಬಿಟ್ಟುಕೊಡಲು ನಮಗೇನು ಅಧಿಕಾರ?

ಆದರೆ ಆ ‘ನಾವು’ ಯಾವ ‘ನಾವು’ ಎಂದು ನಮ್ಮನ್ನೇ ಕೇಳಿಕೊಳ್ಳುವುದು ಉಂಟು. ಮಲಯಾಳದಲ್ಲಿ ಇದಕ್ಕೆ ಎರಡು ಮಾತು. ಕೇಳುವವನನ್ನು ಹೊರಗಿಟ್ಟರೆ ‘ಞಙ್ಙಳ್’, ಸೇರಿಸಿಕೊಂಡರೆ ‘ನಮ್ಮಳ್’. ತುಳುವಿನಲ್ಲೂ ‘ಎಂಕುಲು’ ಬೇರೆ, ‘ನಮ’ ಬೇರೆ. ಕನ್ನಡದಲ್ಲಿ ‘ನಾವು’ ಒಂದೇ. ಎದುರಿಗಿರುವವನು ಒಳಗೋ ಹೊರಗೋ ಎಂಬುದನ್ನು ಆ ಪದ ಹೇಳುವುದಿಲ್ಲ, ಹೇಳುವವನ ಮುಖ ಹೇಳುತ್ತದೆ. ಶನಿವಾರ ಭಜನೆ ಮುಗಿದು ಮಂಗಳಾರತಿಯ ಹೊತ್ತಿಗೆ ನೆರೆಮನೆಯ ಮಲಯಾಳಿ ಹಿರಿಯರೂ ಬಂದು ಮೂಲೆಯಲ್ಲಿ ನಿಲ್ಲುತ್ತಾರೆ. ಅವರ ಕೈಗೆ ಪಂಚಕಜ್ಜಾಯ ಹಾಕುತ್ತ, ಇದು ‘ನಮ್ಮ’ ದೇವರ ಪ್ರಸಾದ ಎನ್ನುತ್ತೇವಲ್ಲ, ಅದನ್ನು ಅವರು ಮನಸ್ಸಿನಲ್ಲೇ ತಮ್ಮ ಭಾಷೆಗೆ ತಿರುಗಿಸಿಕೊಳ್ಳುವಾಗ ಎರಡರಲ್ಲಿ ಯಾವ ಮಾತನ್ನು ಆರಿಸುತ್ತಾರೋ!